ಏಳು ಬಗೆಯ ಬಿಳಿ

ಮಾರ್ಚ್ ೨, ಭಾನುವಾರ

ಪೇಂಟರ್ ಇವತ್ತೂ ಬರಲಿಲ್ಲ. ಫೋನ್ ಮಾಡಿದರೆ ಮುಂದಿನ ತಿಂಗಳು ಖಂಡಿತ ಎಂದ. ಮಾವ ಬರುವುದು ನಾಡಿದ್ದು. ಹಾಗಾಗಿ ಮನೆಗೆ ನಾನೇ ಬಣ್ಣ ಬಳಿಯುತ್ತೇನೆಂದು ಊಟದ ಹೊತ್ತಿಗೆ ಹೇಳಿದೆ. ಹೆಂಡತಿ ಚಮಚ ಕೆಳಗಿಟ್ಟಳು. ಮಗಳು, "ಅಪ್ಪ, ಹೋದ ಸಲ ಸೊಳ್ಳೆಪರದೆ ಹಾಕೋಕೆ ಹೋಗಿ ಕಿಟಕಿನೇ ಕಳಚಿಟ್ಟಿದ್ದೆ, ನೆನಪಿದೆಯಾ?" ಎಂದಳು. ನೆನಪಿದೆ. ಕಿಟಕಿ ಮೊದಲೇ ಸಡಿಲವಾಗಿತ್ತು.

ಅತ್ತೆ ತೀರಿಕೊಂಡ ಮೇಲೆ ಮಾವ ಊರಿನ ಆ ತುದಿಯಲ್ಲಿ, ಎರಡನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಬಸ್ ಓಡಿಸಿ ನಿವೃತ್ತರಾದವರು. ಹೋದ ತಿಂಗಳು ಒಲೆಯ ಪಕ್ಕ ಇಟ್ಟಿದ್ದ ಬಟ್ಟೆಗೆ ಬೆಂಕಿ ಹತ್ತಿಕೊಂಡಿತು. ಹೆಚ್ಚೇನೂ ಸುಡಲಿಲ್ಲ, ಆದರೆ ಅಂದಿನಿಂದ ಹೆಂಡತಿಗೆ ನೆಮ್ಮದಿಯಿಲ್ಲ. ಅವಳು ಬಹಳ ಹೇಳಿದ ಮೇಲೆ, ಒಂದು ತಿಂಗಳು ಇದ್ದು ನೋಡುತ್ತೇನೆ ಎಂದು ಒಪ್ಪಿದ್ದಾರೆ. ಹಿಡಿಸಿದರೆ ಇಲ್ಲಿಯೇ. ಇಲ್ಲದಿದ್ದರೆ ಮಾರ್ಚ್ ಮುಗಿಯುವ ದಿನ ವಾಪಸು. ಆ ಕೋಣೆಯ ಬೀಗದಕೈ ಅಂಗಿಯ ಜೇಬಿನಲ್ಲೇ ಇರುತ್ತದಂತೆ.

ಮನೆ ಅವರಿಗೆ ಹಿಡಿಸಬೇಕು. ಅಷ್ಟೇ ಕೆಲಸ.

ಅಂಗಡಿಯವನು ಕೊಟ್ಟ ಬಣ್ಣದ ಕಾರ್ಡಿನಲ್ಲಿ ಏಳು ಬಗೆಯ ಬಿಳಿಗಳಿವೆ. ಮುತ್ತು, ಹತ್ತಿ, ಸುಣ್ಣ, ಮಂಜು, ಹೀಗೆ. ಮಗಳಿಗೆ ಏಳೂ ಒಂದೇ ಥರ ಕಾಣುತ್ತವೆ. ನಾನು ಕಾರ್ಡನ್ನು ಕಿಟಕಿಯ ಬಳಿ, ದೀಪದ ಕೆಳಗೆ, ಬಾಗಿಲ ಮರೆಯಲ್ಲಿ ಹಿಡಿದು ನೋಡಿ 'ಮಂಜು' ಆರಿಸಿದೆ. ನಾನು ಓದುವ ಅನುವಾದಿತ ಕಾದಂಬರಿಗಳಲ್ಲಿ ಇಂಥ ಮನೆಗಳಿರುತ್ತವೆ: ಬಿಳಿ ಗೋಡೆ, ಬಿಳಿ ಬಾಗಿಲು, ಬಿಳಿ ಮೇಜು, ಅದರ ಮೇಲೆ ಒಂದೇ ಒಂದು ಬಟ್ಟಲು. ಅಂಥ ಮನೆಯಲ್ಲಿ ಜನ ಮೆಲ್ಲಗೆ ಮಾತಾಡುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದು ನಾನು ಕೇಳಿಲ್ಲ.

ಮಾರ್ಚ್ ೪, ಮಂಗಳವಾರ

ಮಾವ ಬೆಳಿಗ್ಗೆ ಬಂದರು. ಒಂದು ಚೀಲ, ಒಂದು ಕೊಡೆ. ಹೆಂಡತಿ ಚೀಲ ಬಿಚ್ಚಲು ಹೋದರೆ, "ಇರ್ಲಿ ಬಿಡು, ಒಂದು ತಿಂಗಳಿಗೆ ಯಾಕೆ ಬಿಚ್ಚೋದು ಕಟ್ಟೋದು" ಎಂದು ಮಂಚದ ಕೆಳಗೆ ತಳ್ಳಿದರು. ಚೀಲದಲ್ಲಿ ರೇಡಿಯೊ ಇದೆ. ಅದನ್ನೂ ಹೊರಗೆ ತೆಗೆಯಲಿಲ್ಲ. ಚೀಲದೊಳಗೇ ಕೈ ಹಾಕಿ ಗುಂಡಿ ತಿರುಗಿಸುತ್ತಾರೆ. ವಾರ್ತೆ ಮಂಚದ ಕೆಳಗಿನಿಂದ ಬರುತ್ತದೆ.

ನಡುಮನೆಯ ಗೋಡೆ ತೋರಿಸಿದೆ. ಎರಡು ಸಂಜೆ ಕೂತು ಮುಗಿಸಿದ್ದು. ಅವರು ಗೋಡೆಯನ್ನು ನೆಟ್ಟಗೆ ನೋಡಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ, ಬೇಡದ ನೆಂಟನನ್ನು ನೋಡುವ ಹಾಗೆ ಓರೆಗಣ್ಣಿನಲ್ಲಿ ನೋಡಿದರು. "ಚೆನ್ನಾಗಿದೆ ಅಳಿಯಂದ್ರೇ. ಆಸ್ಪತ್ರೆ ಇದ್ದ ಹಾಗಿದೆ" ಎಂದರು.

ಸಂಜೆ ಅಂಚಿಗೆ ಅಂಟಿಸಿದ್ದ ಟೇಪ್ ಕೀಳುವಾಗ ಜೊತೆಯಲ್ಲಿ ಬಣ್ಣವೂ ಬಂತು. ಚೂರುಚೂರಾಗಿಯಲ್ಲ, ಒಂದು ಮಾರು ಉದ್ದದ ಹಾಳೆಯಾಗಿ. ಮಗಳು ಅದನ್ನು ಶಾಲಿನಂತೆ ಹೊದ್ದು ಮನೆಯೆಲ್ಲ ಓಡಾಡಿದಳು. ಅಂಗಡಿಯವನಿಗೆ ಫೋನ್ ಮಾಡಿದೆ. ಹಳೆ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿದಿರಾ ಎಂದು ಕೇಳಿದ. ಇಲ್ಲ. ಪ್ರೈಮರ್ ಹಚ್ಚಿದಿರಾ? ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿದ್ದಾದರೂ ಇದೆಯಾ? ಅದೂ ಇಲ್ಲ. "ಸರ್, ನೀವು ಗೋಡೆಗೆ ಬಣ್ಣ ಹಚ್ಚಿಲ್ಲ, ಧೂಳಿಗೆ ಹಚ್ಚಿದ್ದೀರಿ" ಎಂದ.

ಮಾರ್ಚ್ ೮, ಶನಿವಾರ

ನಾಲ್ಕು ದಿನ ಗೋಡೆ ತಿಕ್ಕಿದ್ದಾಯಿತು. ಮನೆಯವರೆಲ್ಲ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದೇವೆ. ಹೆಂಡತಿ ಕನ್ನಡಿ ನೋಡಿಕೊಂಡು, ಒಂದೇ ವಾರಕ್ಕೆ ಮುದುಕಿಯಾದೆ ಎಂದಳು.

ಇವತ್ತು ಮಾವನ ಕೋಣೆಗೆ ಒಂದು ಹಲಗೆ ಹೊಡೆದೆ, ಅವರ ಸಾಮಾನು ಇಟ್ಟುಕೊಳ್ಳಲು. ನಾನು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು. ಗೆರೆಯ ದಪ್ಪದಷ್ಟೂ ತಪ್ಪಬಾರದ ಕೆಲಸ. ಛಾವಣಿಯಿಂದ ಎರಡು ತುದಿಗೂ ಒಂದೇ ಅಳತೆ ಹಿಡಿದು ಗುರುತು ಮಾಡಿದೆ. ಮತ್ತೆ ಅಳೆದೆ. ತೂತು ಕೊರೆದು, ಸ್ಕ್ರೂ ಬಿಗಿದು, ಮೇಲೆ ಒಂದು ಪೆನ್ಸಿಲ್ ಇಟ್ಟೆ. ಅದು ಉರುಳಿ ಬಿತ್ತು. ಮತ್ತೆ ಇಟ್ಟೆ. ಮತ್ತೆ ಬಿತ್ತು. ನನ್ನ ಅಳತೆ ಸರಿಯಾಗಿಯೇ ಇತ್ತು. ಛಾವಣಿಯೇ ಓರೆ. ಇಷ್ಟು ವರ್ಷ ಈ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಮಾವ ಹಲಗೆಯ ಮೇಲೆ ಉದ್ದಕ್ಕೂ ಕೈಯಾಡಿಸಿದರು. ಗುಡ್ಡದ ರಸ್ತೆಯ ಹಾಗೆ ಇಳಿಜಾರಿದೆ, ಇಲ್ಲಿ ಎರಡನೇ ಗೇರ್ ಹಾಕಬೇಕು ಎಂದರು. ಬಿಚ್ಚಿ ಸರಿಮಾಡುತ್ತೇನೆ ಎಂದೆ. "ಪರವಾಗಿಲ್ಲ ಬಿಡಿ, ಇಡೋಕೆ ನನ್ನ ಹತ್ರ ಏನಿದೆ."

ಇಡಲು ಏನೂ ಇಲ್ಲದ ಮೇಲೆ ಅವಸರವೇನು ಎಂದು ನಾನೂ ಬಿಟ್ಟೆ. ಹೆಂಡತಿ ಆ ಕೋಣೆ ಗುಡಿಸುವಾಗ ಖಾಲಿ ಹಲಗೆಯ ಕಡೆ ಒಮ್ಮೆ ನೋಡುತ್ತಾಳೆ.

ಮಾರ್ಚ್ ೧೩, ಗುರುವಾರ

ನಿನ್ನೆ ಸಂಜೆ ಮಾವನ ಕೋಣೆಯ ಬಾಗಿಲಿಗೂ ಚೌಕಟ್ಟಿಗೂ ಎರಡನೇ ಸಲ ಬಿಳಿ ಬಳಿದೆ. ಪೂರ್ತಿ ಒಣಗುವವರೆಗೆ ಬಾಗಿಲು ಮುಚ್ಚಬಾರದು ಎಂದು ಡಬ್ಬದ ಮೇಲೆ ಬರೆದಿತ್ತಂತೆ. ನಾನು ಕಾದಂಬರಿಯಲ್ಲಿ ಅನುವಾದಕರ ಮಾತನ್ನೂ ಬಿಡದೆ ಓದುವವನು. ಡಬ್ಬ ಓದಲಿಲ್ಲ. ಮಾವ ಬಾಗಿಲು ಮುಚ್ಚಿಕೊಂಡು ಮಲಗಿದರು.

ಬೆಳಿಗ್ಗೆ ಒಳಗಿನಿಂದ ಅವರ ದನಿ, ಬಹಳ ಸಮಾಧಾನವಾಗಿ:

"ಅಳಿಯಂದ್ರೇ, ನನ್ನನ್ನ ಉಳಿಸ್ಕೊಳ್ಳೋಕೆ ಬೇರೆ ದಾರಿ ಸಿಗ್ಲಿಲ್ವಾ?"

ನಾನು ತಳ್ಳಿದೆ, ಅವರು ಎಳೆದರು. ಮಗಳು ಪಕ್ಕದಲ್ಲಿ ನಿಂತು, ಹಿಂದಿನ ಬಾಗಿಲಿನಿಂದ ಇಳೀಬೇಡಿ, ಟಿಕೆಟ್ ತೋರ್ಸಿ ಎಂದು ಕೂಗುತ್ತಿದ್ದಳು. ಕೊನೆಗೆ ಸಂದಿಯುದ್ದಕ್ಕೂ ಬ್ಲೇಡ್ ಆಡಿಸಿದೆ. ಬಟ್ಟೆ ಹರಿದಂಥ ಸದ್ದು ಮಾಡಿ ಬಾಗಿಲು ತೆರೆದುಕೊಂಡಿತು. ಮಾವ ಏನೂ ಆಗದವರ ಹಾಗೆ ಹೊರಬಂದು ಸ್ನಾನಕ್ಕೆ ಹೋದರು. ಬರುವಾಗ ಅರ್ಧ ತೆರೆದಿದ್ದ ಅದೇ ಬಾಗಿಲಿನ ಅಂಚಿಗೆ ಭುಜ ಬಡಿಸಿಕೊಂಡರು. "ಇದಕ್ಕಿನ್ನೂ ನನ್ನ ಮೇಲೆ ಸಿಟ್ಟು ಹೋಗಿಲ್ಲ" ಎಂದರು.

ಬಾಗಿಲಿನ, ಚೌಕಟ್ಟಿನ ಬಣ್ಣವೆಲ್ಲ ಕಿತ್ತುಹೋಗಿದೆ. ಸದ್ಯಕ್ಕೆ ಚೌಕಟ್ಟಿಗೆ ಗೇಟಿಗೆಂದು ತಂದು ಉಳಿದಿದ್ದ ಕೆಂಪು ಪ್ರೈಮರ್ ಹಚ್ಚಿದ್ದೇನೆ. ಬಿಳಿ ಮನೆಯ ನಡುವೆ ತರಚುಗಾಯದ ಹಾಗೆ ಕಾಣುತ್ತದೆ. ಆದಷ್ಟು ಬೇಗ ಮುಚ್ಚಬೇಕು.

ಮಾರ್ಚ್ ೧೫, ಶನಿವಾರ

ಮೇಜಿಗೂ ಬಿಳಿ ಬಳಿದು ಮುಗಿಸಿದೆ. ನಿಜವಾಗಿ ಚೆಂದ ಬಂದಿದೆ. ಅದರ ಮೇಲೆ ಬಿಳಿ ಲೋಟದಲ್ಲಿ ಚಹಾ ಇಟ್ಟು ಮಾವನನ್ನು ಕರೆದೆ. ಅವರು ಲೋಟದ ಪಕ್ಕಕ್ಕೆ ಕೈ ಹಾಕಿ ಅದನ್ನು ಉರುಳಿಸಿದರು. ಮೇಜಿನ ತುಂಬ ಚಹಾ. ನಿಮ್ಮ ಮೇಜು ಬಹಳ ನುಣುಪು ಅಳಿಯಂದ್ರೇ ಎಂದರು.

ಬೇಸರವಾಯಿತು, ಮುಚ್ಚಿಟ್ಟೇನು ಪ್ರಯೋಜನ. ಅವರು ಈ ಮನೆಯಲ್ಲಿ ಏನನ್ನೂ ನೆಟ್ಟಗೆ ನೋಡುವುದಿಲ್ಲ. ಗೋಡೆಯನ್ನು ಓರೆಯಾಗಿ ನೋಡುತ್ತಾರೆ, ನನ್ನನ್ನೂ ಓರೆಯಾಗಿ ನೋಡುತ್ತಾರೆ, ಪತ್ರಿಕೆಯನ್ನೂ ಓರೆಯಾಗಿ ಹಿಡಿದು ಬೇಗನೆ ಮಡಿಸಿಡುತ್ತಾರೆ. ಹಿಡಿಸದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಹೆಂಡತಿಯೊಡನೆ ಹೀಗೆಂದೆ. ಅವಳು ಮೇಜು ಒರೆಸುತ್ತಾ, "ಅಪ್ಪ ಗೋಡೆ ನೋಡೋಕೆ ಬಂದಿಲ್ಲ ರೀ. ಗೋಡೆ ಚೆನ್ನಾಗಿದೆ ಅಂತ ಯಾರೂ ಉಳ್ಕೊಳ್ಳಲ್ಲ" ಎಂದಳು.

ಮತ್ತೆ ಯಾತಕ್ಕೆ ಉಳಿಯುತ್ತಾರೆ ಎಂದು ಕೇಳಿದೆ. ಅದು ಅವಳಿಗೂ ಗೊತ್ತಿಲ್ಲ.

ಮಾರ್ಚ್ ೧೬, ಭಾನುವಾರ

ಪ್ಯಾಸೇಜಿನ ಹೊಸ ಗೋಡೆಯ ಮೇಲೆ ಕೈಯ ಕೊಳೆ. ಮಾವನ ಕೋಣೆಯಿಂದ ಬಚ್ಚಲಿನವರೆಗೆ, ಸೊಂಟದ ಎತ್ತರದಲ್ಲಿ. ಒರೆಸಿದರೆ ಹೋಗಲಿಲ್ಲ. ಮೇಲೆ ಮತ್ತೆ ಬಿಳಿ ಬಳಿದೆ.

ಮಾರ್ಚ್ ೧೯, ಬುಧವಾರ

ಕೊಳೆ ಮತ್ತೆ ಬಂದಿದೆ, ಅದೇ ಜಾಗದಲ್ಲಿ.

ಸಿಟ್ಟು ಬಂತು, ಆಮೇಲೆ ಕುತೂಹಲವೂ ಬಂತು. ಕಚೇರಿಯಲ್ಲಾದರೆ ಇದನ್ನು ಕಾಲುದಾರಿಯೆಂದು ಚುಕ್ಕೆಗೆರೆಯಲ್ಲಿ ಬರೆಯುತ್ತಿದ್ದೆ. ನೇರ ಗೋಡೆಯಲ್ಲಿ ತೆಳು, ತಿರುವಿನಲ್ಲಿ ದಟ್ಟ. ಕಪಾಟು ಬಂದಲ್ಲಿ ಗೋಡೆ ಬಿಟ್ಟು ಕಪಾಟಿನ ಅಂಚು ಹಿಡಿಯುತ್ತದೆ, ದಾಟಿದ ಮೇಲೆ ಮತ್ತೆ ಗೋಡೆಗೆ ಬರುತ್ತದೆ. ಬಚ್ಚಲಿನ ಬಿಳಿ ಬಾಗಿಲ ಸುತ್ತ 'ಎಲ್ಲಿದೆ, ಎಲ್ಲಿದೆ' ಎಂದು ಹುಡುಕಿದ ಹಾಗೆ ನಾಲ್ಕಾರು ಕಡೆ ಗುರುತು. ಆದರೆ ಮಾವನ ಕೋಣೆಯ ಕೆಂಪು ಚೌಕಟ್ಟಿನ ಬಳಿ ಒಂದು ಗುರುತೂ ಇಲ್ಲ. ವಿಚಿತ್ರ.

ಅಂಗಡಿಯವನನ್ನು ಕೇಳಿದೆ. ಕೊಳೆ ಮುಟ್ಟುವಷ್ಟು ಅಗಲಕ್ಕೆ ಗಾಢ ಬಣ್ಣದ ಪಟ್ಟಿ ಎಳೆಯಿರಿ ಎಂದ. ಯಾರೋ ಹೇಳಿ ಮಾಡಿಸಿ ಬಿಟ್ಟುಹೋದ ಕಡುನೀಲಿಯ ಡಬ್ಬವೊಂದು ಅವನಲ್ಲಿ ಉಳಿದಿದೆ. "ಮನೆ ಒಳಗೆ ಯಾರೂ ಇದನ್ನ ಹಚ್ಚಲ್ಲ ಸರ್. ಆದ್ರೆ ಕೊಳೆ ಮಾತ್ರ ಕಾಣ್ಸಲ್ಲ."

ಮಾರ್ಚ್ ೨೦, ಗುರುವಾರ

ನೀಲಿ ಪಟ್ಟಿ ಎಳೆದೆ. ಒಂದು ಗೇಣು ಅಗಲ, ಕೋಣೆಯಿಂದ ಬಚ್ಚಲಿನವರೆಗೆ. ಬಚ್ಚಲಿನ ಬಾಗಿಲ ಚೌಕಟ್ಟಿನ ಕೊಳೆಯೂ ಮುಚ್ಚಲೆಂದು ಅದಕ್ಕೂ ನೀಲಿ ಬಳಿದೆ. ಈ ಸಲ ಟೇಪ್ ಕಿತ್ತಾಗ ಬಣ್ಣ ಕಿತ್ತುಬರಲಿಲ್ಲ. ಗೆರೆ ನಕ್ಷೆಯಲ್ಲಿ ಎಳೆದಷ್ಟು ನೇರವಾಗಿದೆ. ನೇರವಾಗಿದೆ ಎನ್ನುವುದೊಂದೇ ಸಮಾಧಾನ.

ಮಗಳು ನೋಡಿ, "ತಾತನ ಬಸ್ ಥರಾನೇ ಇದೆ" ಎಂದಳು. ಏಳು ಬಿಳಿಗಳಲ್ಲಿ ಒಂದನ್ನು ಆರಿಸಿದವನ ಮನೆಯಲ್ಲಿ ಬಸ್ಸಿನ ಪಟ್ಟಿ.

ಮಾವ ಮಾತ್ರ ಪಟ್ಟಿಯ ಎದುರು ಬಹಳ ಹೊತ್ತು ನಿಂತಿದ್ದರು. ಆಸ್ಪತ್ರೆ ಎನ್ನಲಿಲ್ಲ.

ಮಾರ್ಚ್ ೨೩, ಭಾನುವಾರ

ಕೊಳೆ ಕಾಣುವುದಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲವಲ್ಲ. ಬೆಳಿಗ್ಗೆ ಬಿಳಿ ಬಟ್ಟೆ ಒದ್ದೆ ಮಾಡಿಕೊಂಡು ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಒರೆಸಿದೆ. ಬಟ್ಟೆ ತಿರುಗಿಸಿ ನೋಡಿದೆ. ಬಿಳಿಯಾಗಿಯೇ ಇತ್ತು. ಇನ್ನೊಂದು ಮಗ್ಗುಲಿನಿಂದ ಒರೆಸಿದೆ. ಆಗಲೂ ಬಿಳಿ. ಪಟ್ಟಿ ಎಳೆದ ಮೇಲೆ ಯಾರ ಕೈಯೂ ಆ ಗೋಡೆಗೆ ತಗುಲಿಲ್ಲ.

ಏನಿದರ ಅರ್ಥ ಎಂದು ಗೋಡೆಗೆ ಒರಗಿ ನಿಂತಿದ್ದಾಗ ಮಾವ ಕೋಣೆಯಿಂದ ಹೊರಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಡಿಪೋ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ, ಪ್ಯಾಸೇಜಿನ ನಟ್ಟನಡುವೆ ನಡೆದು ಬಂದರು. ಅಷ್ಟು ಸಲೀಸಾಗಿ ಅವರು ನಡೆದದ್ದನ್ನು ಈ ಮನೆಯಲ್ಲಿ ನಾನು ನೋಡಿರಲಿಲ್ಲ. ನಾನು ಬಿಳಿ ಬನಿಯನ್ ತೊಟ್ಟು ಬಿಳಿ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ನೇರವಾಗಿ ನನ್ನ ಮೇಲೇ ಬರುತ್ತಿದ್ದರು. ಕೆಮ್ಮಿದೆ. ಬೆಚ್ಚಿ ನಿಂತು, "ಓ, ಇಲ್ಲೇ ಇದ್ದೀರಾ" ಎನ್ನುತ್ತಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ನನ್ನನ್ನು ಓರೆಯಾಗಿ ನೋಡಿದರು.

ಆಗ ತಿಳಿಯಿತು. ಅದು ತಾತ್ಸಾರವಲ್ಲ. ಹಾಗೆ ನೋಡಿದರೆ ಮಾತ್ರ ಅವರಿಗೆ ಕಾಣುತ್ತದೆ.

ಲೋಟ, ಬಾಗಿಲ ಅಂಚು, ಪತ್ರಿಕೆ, ಒಲೆಯ ಪಕ್ಕದ ಬಟ್ಟೆ. ಒಂದೊಂದಾಗಿ ಎಲ್ಲವೂ ಸಾಲಾಗಿ ನಿಂತವು. ಬಿಳಿ ಗೋಡೆಯಲ್ಲಿನ ಬಿಳಿ ಬಾಗಿಲು ಅವರ ಪಾಲಿಗೆ ಇಲ್ಲವೇ ಇಲ್ಲ. ಅವರಿಗೆ ಹಿಡಿಸಲಿ ಎಂದು ನಾನು ಮನೆಯನ್ನು ಒಂದೊಂದೇ ಕೋಣೆಯಾಗಿ ಅಳಿಸಿಹಾಕುತ್ತಾ ಬಂದಿದ್ದೆ.

ನೀಲಿ ಡಬ್ಬದಲ್ಲಿ ಇನ್ನೂ ಅರ್ಧ ಉಳಿದಿದೆ.

ಮಾರ್ಚ್ ೨೪, ಸೋಮವಾರ

ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಒಂದೇ ಟವೆಲನ್ನು ಮೂರು ಸಲ ಮಡಚಿದಳು. ಗೊತ್ತಿದೆ ಎಂದು ನಾವು ಬಾಯಿಬಿಟ್ಟರೆ ಅಪ್ಪ ಅಂದೇ ಚೀಲ ಹಿಡಿದು ಹೊರಡುತ್ತಾರೆ, ಅವರಾಗಿ ಹೇಳಲಿ ಎಂದಳು. ಬಾಯಿಬಿಡದೆ ಅವರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಬಿಳಿ ತಟ್ಟೆಗಳಿರಲಿಲ್ಲ. ಅಟ್ಟದಲ್ಲಿದ್ದ ಹಳೆಯ ನೀಲಿ ತಟ್ಟೆಗಳು ಬಂದಿದ್ದವು. ಯಾಕೆ ಎಂದಳು ಮಗಳು. ಬಿಳಿ ನೋಡಿ ನೋಡಿ ಸಾಕಾಯಿತು ಎಂದಳು ಹೆಂಡತಿ. ಮಾವ ಒಂದು ಅಗುಳೂ ಚೆಲ್ಲದೆ ಉಂಡರು.

ಮಾರ್ಚ್ ೨೬, ಬುಧವಾರ

ಕೆಲಸ ಜೋರಾಗಿದೆ. ಸ್ವಿಚ್ ಬೋರ್ಡುಗಳ ಸುತ್ತ ನೀಲಿ ಚೌಕ, ಮೇಜಿನ ಅಂಚಿಗೆ ನೀಲಿ, ಬಾಗಿಲುಗಳ ಹಿಡಿಗೆ ಕೆಂಪು. ಬಚ್ಚಲಿನ ಮೆಟ್ಟಿಲಿಗೆ ಹಳದಿ ಎಂದುಕೊಂಡು ಮೊದಲು ಹೊಳೆಯುವ ಬಣ್ಣ ಬಳಿದೆ. ಅದರ ಮೇಲೆ ನಾನೇ ಜಾರಿ ಕೂತೆ. ಈಗ ಅದನ್ನು ತಿಕ್ಕಿ ತೆಗೆದು, ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ಬಳಿದಿದ್ದೇನೆ. ಕಾಲು ಗಟ್ಟಿಯಾಗಿ ಹಿಡಿಯುತ್ತದೆ. ಕಿಟಕಿಯ ಅಂಚಿಗೆ ಯಾವ ಬಣ್ಣ ಎಂದು ಕಚೇರಿಯಲ್ಲಿ ಕೂತು ಯೋಚಿಸುತ್ತಿದ್ದೆ. ಒಂದು ಹೊಲದ ಗಡಿಯನ್ನು ತಪ್ಪಾಗಿ ಬರೆದು ಅಳಿಸಬೇಕಾಯಿತು.

ಮಗಳಿಗೆ ನಾವು ಏನೂ ಹೇಳಿಲ್ಲ. ಆದರೆ ತಾತನ ಬಿಳಿ ಲೋಟದ ಸುತ್ತ ತನ್ನ ಕೆಂಪು ಉಗುರುಬಣ್ಣದಲ್ಲಿ ದಪ್ಪ ಗೆರೆ ಎಳೆದಿದ್ದಾಳೆ. ಏನಿದು ಎಂದರೆ, "ಫ್ಯಾಶನ್ ಅಪ್ಪ, ನಿಂಗೆ ಗೊತ್ತಾಗಲ್ಲ" ಎಂದಳು.

ಸಂಜೆ ನಾನು ಕಾದಂಬರಿ ಹಿಡಿದು ಕೂತಿದ್ದಾಗ ಮಾವ ಬಂದು ಪಕ್ಕದಲ್ಲಿ ಕೂತರು. ಅದನ್ನು ಸ್ವಲ್ಪ ಜೋರಾಗಿ ಓದಿ, ನಿದ್ದೆಯಾದರೂ ಬರಲಿ ಎಂದರು. ಹಿಮ ಬೀಳುವ ಊರಿನಲ್ಲಿ ಒಬ್ಬ ಎರವಲು ತಂದ ಏಣಿಯನ್ನು ಹಿಂದಿರುಗಿಸಲು ಹೊರಟ ಕಥೆ. ಅರವತ್ತು ಪುಟವಾದರೂ ಅವನು ಇನ್ನೂ ಸೇತುವೆ ದಾಟಿಲ್ಲ. ನಾಲ್ಕು ಪುಟ ಓದುವಷ್ಟರಲ್ಲಿ ಮಾವ ತಡೆದರು. ಆ ಊರಿಗೆ ಬಸ್ಸಿಲ್ಲವೇ? ಇದ್ದರೆ ಏಣಿಯನ್ನು ಮೇಲಕ್ಕೆ ಹಾಕಿ ಅರ್ಧ ಗಂಟೆಯಲ್ಲಿ ಇಳಿಸುತ್ತಿದ್ದೆನಲ್ಲ? ನಿದ್ದೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಮಾರ್ಚ್ ೨೭, ಗುರುವಾರ

ಸಂಜೆ ಹಾಲು ಮುಗಿದಿತ್ತು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹೆಂಡತಿ ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಅಪ್ಪ, ಮೂಲೆ ಅಂಗಡಿಯಿಂದ ಹಾಲು ತರ್ತೀಯಾ? ಇವರು ಕೈಯೆಲ್ಲ ಬಣ್ಣ ಮಾಡ್ಕೊಂಡಿದ್ದಾರೆ" ಎಂದಳು. ನನ್ನ ಕೈ ಶುಭ್ರವಾಗಿತ್ತು. ಬೆನ್ನ ಹಿಂದೆ ಇಟ್ಟುಕೊಂಡೆ.

ಮಾವ ಹೊರಟರು. ಹೆಂಡತಿ ಕಿಟಕಿಯ ಪರದೆಯ ಹಿಂದೆ ನಿಂತಳು. ನಾನು ಹಿಂದೆ ಹೋಗಲೇ ಎಂದೆ. ತಲೆಯಾಡಿಸಿ ಬೇಡವೆಂದಳು. ಅಂಗಡಿ ನಮ್ಮ ಸಾಲಿನಲ್ಲೇ ಇದೆ, ರಸ್ತೆ ದಾಟಬೇಕಾಗಿಲ್ಲ. ಆದರೂ ಅಷ್ಟು ದೂರದ ಅಂಗಡಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಗೇಟಿನ ಸದ್ದಾದ ಕೂಡಲೇ ಅವಳು ಅಡುಗೆಮನೆಗೆ ಓಡಿ ಪಾತ್ರೆಗಳ ಸದ್ದು ಮಾಡತೊಡಗಿದಳು. "ಬಂದ್ಯಾ? ಇಷ್ಟು ಬೇಗ?" ಎಂದು ಅಲ್ಲಿಂದಲೇ ಕೇಳಿದಳು.

ಅವಳು ಹಿಡಿದುಕೊಂಡಿದ್ದ ಕಡೆ ಪರದೆಯ ಎರಡು ಕೊಕ್ಕೆ ಕಿತ್ತುಬಂದಿವೆ. ನಾಳೆ ಹಾಕಬೇಕು.

ಮಾರ್ಚ್ ೨೯, ಶನಿವಾರ

ಮನೆಯ ಮುಂದಿನ ಮೆಟ್ಟಿಲುಗಳಿಗೆ ಹಳದಿ ಅಂಚು ಬಳಿಯುತ್ತಿದ್ದೆ. ಮಾವ ಕುರ್ಚಿ ತಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಮಾತು ತೆಗೆದರು.

"ರೋಡು ಕಪ್ಪು ಅಂತ ಗೆರೆ ಬಿಳಿ ಹಾಕ್ತಾರೆ. ನಿಮ್ಮ ಮನೆ ಬಿಳಿ ಅಂತ ನೀವು ಉಲ್ಟಾ ಹಾಕಿದ್ರಿ. ಅಲ್ವಾ ಅಳಿಯಂದ್ರೇ?"

ಬ್ರಷ್ ನಿಲ್ಲಿಸಲಿಲ್ಲ. ಮೊದಲು ಹಾಕಿದ್ದು ಕೊಳೆ ಕಾಣದಿರಲಿ ಎಂದು, ಆಮೇಲಿನದೆಲ್ಲ ನೀವು ಹೇಳಿದ ಕಾರಣಕ್ಕೆ ಎಂದೆ. ಅವರು ನಕ್ಕರು. ಆಮೇಲೆ ಎಲ್ಲ ಹೇಳಿದರು. ಹೋದ ವರ್ಷ ಒಂದು ದಿನ ನಿಲ್ದಾಣದಲ್ಲಿ ನಿಂತಿದ್ದಾಗ ಬಂದ ಬಸ್ಸಿನ ನಂಬರ್ ಇರಬೇಕಾದ ಜಾಗದಲ್ಲಿ ಒಂದು ಮೋಡವಿತ್ತು. ಜೀವಮಾನವೆಲ್ಲ ಬಸ್ ಓಡಿಸಿದವರು, ಇದು ಯಾವ ಬಸ್ಸಮ್ಮ ಎಂದು ಪಕ್ಕದ ಹೆಂಗಸನ್ನು ಕೇಳಬೇಕಾಯಿತು. ಕಣ್ಣಿನ ಡಾಕ್ಟರು ನೋಡಿ, ನಡುಭಾಗ ಹೋಗಿದೆ, ಅಂಚು ಉಳಿಯುತ್ತದೆ ಎಂದರಂತೆ. ಇನ್ನೂ ಹೆಚ್ಚದಂತೆ ಔಷಧಿ ನಡೆಯುತ್ತಿದೆ.

"ಅವಳಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ನನ್ನನ್ನ ಹತ್ತಿ ಸುತ್ತಿ ಪೆಟ್ಟಿಗೇಲಿ ಇಡ್ತಾಳೆ. ಅದಕ್ಕಿಂತ ನನ್ನ ರೂಮೇ ವಾಸಿ. ಬಿದ್ರೂ ನನ್ನ ಪಾಡಿಗೆ ಬೀಳ್ತೀನಿ."

"ಅವಳಿಗೆ ಗೊತ್ತು ಮಾವ."

ಅವರ ಕೈ ಜೇಬಿಗೆ, ಬೀಗದಕೈ ಇರುವ ಕಡೆ ಹೋಯಿತು.

"ಯಾವಾಗಿಂದ?"

"ನೀಲಿ ತಟ್ಟೆ ಬಂತಲ್ಲ, ಅವತ್ತಿಂದ."

ನಾನು ಇನ್ನೊಂದು ಮೆಟ್ಟಿಲು ಮುಗಿಸಿದೆ.

"ಮೊನ್ನೆ ಹಾಲಿಗೆ ಕಳಿಸಿದ್ಲಲ್ಲ. ಅದು ತಟ್ಟೆ ಬಂದ ಮೇಲೆ."

"ಹೌದು."

"ಗೊತ್ತಿದ್ದೂ ಕಳಿಸಿದ್ಲು."

"ಕಳಿಸಿದ್ಲು."

ಪರದೆಯ ವಿಷಯ ನಾನು ಹೇಳಲಿಲ್ಲ.

ಜೇಬಿನ ಮೇಲಿಂದ ಕೈ ತೆಗೆದರು. ರಸ್ತೆಯ ಕಡೆ ಮುಖ ತಿರುಗಿಸಿ ಮೆಟ್ಟಿಲನ್ನು ನೋಡಿ, ಆ ಮೂಲೆಯಲ್ಲಿ ಬಣ್ಣ ಬಿಟ್ಟಿದ್ದೀರಿ ಎಂದರು. ಬಗ್ಗಿ ನೋಡಿದೆ. ನಿಜ, ಬಿಟ್ಟಿದ್ದೆ.

ಮಾರ್ಚ್ ೩೦, ಭಾನುವಾರ

ಮೇಲಧಿಕಾರಿಯ ಹೊಸ ಮನೆಗೆ ಊಟಕ್ಕೆ ಕರೆದಿದ್ದರು. ಗೋಡೆ, ಬಾಗಿಲು, ಮೇಜು, ಎಲ್ಲ ಬಿಳಿ. ಮೇಜಿನ ಮೇಲೆ ಒಂದೇ ಒಂದು ಬಟ್ಟಲು. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಕೈ ತೊಳೆಯಲು ಹೋದವನು ಬಾಗಿಲು ಯಾವುದೆಂದು ತಿಳಿಯದೆ ಗೋಡೆ ಸವರುತ್ತಾ ಹೋಗಿ ಅವರ ಬಟ್ಟೆಯ ಕಪಾಟು ತೆಗೆದೆ. ಎಲ್ಲೂ ಒಂದು ಅಂಚಿಲ್ಲ. ಜನ ಹೇಗಿರುತ್ತಾರೋ.

ಮನೆಗೆ ಬಂದು ದೀಪ ಹಾಕಿದ ಮೇಲೆಯೇ ಕಣ್ಣಿಗೆ ಹಿತವೆನಿಸಿತು. "ನಿಮಗೆ ಅಂಥ ಮನೆ ತಾನೆ ಬೇಕಾಗಿದ್ದಿದ್ದು?" ಎಂದಳು ಹೆಂಡತಿ. ನಾನು ಯಾವಾಗ ಹಾಗೆ ಹೇಳಿದ್ದೆನೋ.

ಮಾವ ಎಚ್ಚರವಾಗಿಯೇ ಇದ್ದರು. ಏಣಿ ಕೊಟ್ಟನಾ ಎಂದು ಕೇಳಿದರು. ಸೇತುವೆ ದಾಟಿದ್ದಾನೆ ಎಂದೆ. ನಾಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಮಾವ ಹೊರಗೆ ಹೋಗುವ ಅಂಗಿ ತೊಟ್ಟಿದ್ದರು. ಜೇಬಿನಲ್ಲಿ ಬೀಗದಕೈಯ ಉಬ್ಬು ಕಾಣುತ್ತಿತ್ತು. ಹೆಂಡತಿ ಮನೆಯೆಲ್ಲ ಗುಡಿಸಿದಳು, ಆ ಕೋಣೆಯೊಂದನ್ನು ಬಿಟ್ಟು. ಮಗಳು ತಿಂಡಿ ತಿನ್ನುವಾಗ ಒಂದು ತಮಾಷೆಯನ್ನೂ ಮಾಡಲಿಲ್ಲ. ನಾನು ಕಚೇರಿಗೆ ಹೋಗಿ, ಎರಡು ನಕ್ಷೆಗಳನ್ನು ಕೆಡಿಸಿ, ಮಧ್ಯಾಹ್ನವೇ ವಾಪಸು ಬಂದೆ.

ಚಪ್ಪಲಿ ಬಿಡುತ್ತಿದ್ದಂತೆ ಕೋಣೆಯಿಂದ ಕೂಗು.

"ಅಳಿಯಂದ್ರೇ, ಬೇಗ ಬನ್ನಿ. ಜಾರ್ತಾ ಇದೆ."

ಓಡಿದೆ. ಮಾವ ಹಲಗೆಯ ಮುಂದೆ ನಿಂತು ಎರಡೂ ಕೈಯಿಂದ ರೇಡಿಯೊ ಹಿಡಿದುಕೊಂಡಿದ್ದರು. ಅದರ ಪಕ್ಕದಲ್ಲಿ ಶೇವಿಂಗ್ ಡಬ್ಬಿ, ಔಷಧಿ, ಅತ್ತೆಯ ಫೋಟೊ. ಮಂಚದ ಮೇಲೆ ಚೀಲ ಖಾಲಿಯಾಗಿ, ನೀಟಾಗಿ ಮಡಚಿಟ್ಟಿತ್ತು.

"ಎಷ್ಟು ಹೊತ್ತಿಂದ ಹಿಡ್ಕೊಂಡು ನಿಂತಿದ್ದೀನಿ ಗೊತ್ತಾ? ಮನೇಲಿ ಇರೋರಿಗೆ ಒಂದು ನೆಟ್ಟಗಿರೋ ಹಲಗೆ ಬೇಡ್ವಾ?"

ಒತ್ತು ಕೊಡಲು ಏನಾದರೂ ಬೇಕಿತ್ತು. ಜೇಬು ತಡಕಿದರೆ ಬಣ್ಣದ ಕಾರ್ಡು ಸಿಕ್ಕಿತು. ಅದರಲ್ಲಿ ಮೂರು ಬಿಳಿಗಳನ್ನು ಹರಿದು, ಮಡಚಿ, ತಗ್ಗಿನ ಕಡೆ ರೇಡಿಯೊದ ಅಡಿಗೆ ತೂರಿಸಿದೆ. ಮಾವ ಒಂದು ಕೈ ಬಿಟ್ಟರು. ಇನ್ನೊಂದನ್ನೂ ಬಿಟ್ಟರು. ರೇಡಿಯೊ ಕದಲಲಿಲ್ಲ.

ಹಿಂದೆ ತಿರುಗಿದರೆ ಹೆಂಡತಿ ಕೆಂಪು ಚೌಕಟ್ಟಿಗೆ ಒರಗಿ ನಿಂತಿದ್ದಳು. ಮಾವ ಜೇಬಿನಿಂದ ಬೀಗದಕೈ ತೆಗೆದು ಅವಳ ಕಡೆ ಚಾಚಿದರು. ಭಾನುವಾರ ಎಲ್ಲರೂ ಹೋಗಿ ಅಲ್ಲಿ ಉಳಿದ ಸಾಮಾನು ತರೋಣ, ಎರಡು ಪೆಟ್ಟಿಗೆಯಷ್ಟಿದೆ, ಆ ಮನೆಯವರಿಗೂ ಹೇಳಿಬಿಡೋಣ ಎಂದರು. ಅವಳು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. "ಸರಿ ಅಪ್ಪ. ಹಾಗೇ ಹಾಲು ಮುಗಿದಿದೆ" ಎಂದಳು.

ಮಾವ ಹಾಲು ತರಲು ಹೋದರು. ಹೆಂಡತಿ ಅಡುಗೆಮನೆಗೆ ಹೋದಳು, ಕಿಟಕಿಯ ಬಳಿಗಲ್ಲ. ನಾನು ಎರಡನೇ ಹಲಗೆಗೆ ಅಳತೆ ತೆಗೆದುಕೊಂಡೆ. ಈ ಸಲ ಛಾವಣಿಯಿಂದ ಬೇಡ, ನೆಲದಿಂದ. ನೆಲವೂ ಓರೆಯಾಗಿದ್ದರೆ ಕಾರ್ಡಿನಲ್ಲಿ ಇನ್ನೂ ನಾಲ್ಕು ಬಿಳಿಗಳು ಉಳಿದಿವೆ.